ಕಾಲೇಜಿಗೆ ಸೈಕಲ್ ತರುವವರಿಗೆ: ಬೀಗ, ಬ್ರೇಕು, ಕಾನೂನು, ಕಳುವಾದರೆ ಏನು ಮಾಡಬೇಕು

ನಾನು ಪದವಿ ಓದುತ್ತಿದ್ದಾಗ ಶಿರಸಿಯಲ್ಲಿ ನನ್ನ ಸೈಕಲ್ ಕಳುವಾಯಿತು. ಜುಲೈ ತಿಂಗಳು, ಬಿಡದ ಮಳೆ. ಹಿಂದಿನ ಚಕ್ರದ ಲಾಕ್ ಹಾಕಿ, ಕೀ ಜೇಬಿಗೆ ಸೇರಿಸಿ ಕ್ಲಾಸಿಗೆ ಹೋಗಿದ್ದೆ. ಮಧ್ಯಾಹ್ನ ಬಂದಾಗ ಕೀ ಜೇಬಲ್ಲೇ ಇತ್ತು, ಸೈಕಲ್ ಇರಲಿಲ್ಲ. ಯಾರೋ ಹಿಂದಿನ ಚಕ್ರ ಎತ್ತಿ ಹಿಡಿದು, ಮುಂದಿನ ಚಕ್ರದ ಮೇಲೆ ಉರುಳಿಸಿಕೊಂಡು ಹೋಗಿದ್ದರು.

ಠಾಣೆಗೆ ಹೋದೆ. ಫ್ರೇಮ್ ನಂಬರ್ ಎಷ್ಟು, ಬಿಲ್ ಇದೆಯಾ, ಫೋಟೋ ಇದೆಯಾ ಅಂತ ಕೇಳಿದರು. ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. "ಹಸಿರು ಬಣ್ಣ ಸರ್" ಅಂದೆ, ಅಷ್ಟೇ. ಕೆಲವು ತಿಂಗಳ ಮೇಲೆ ಒಂದು ಗುಜರಿ ಅಂಗಡಿಯ ಮುಂದೆ ಅದೇ ಸೈಕಲ್ ಕಂಡಿತು. ಬಣ್ಣ ಬದಲಾಗಿತ್ತು. ಕ್ಯಾರಿಯರಿಗೆ ಅಪ್ಪ ಹಾಕಿಸಿದ್ದ ವೆಲ್ಡಿಂಗ್ ಮಾತ್ರ ಹಾಗೇ ಇತ್ತು. ನನ್ನದೇ ಅಂತ ನನಗೆ ಗೊತ್ತು. ಆದರೆ ತೋರಿಸುವುದಕ್ಕೆ ಒಂದು ಚೂರು ಕಾಗದ ಇರಲಿಲ್ಲ.

ನಮ್ಮ ಅಪ್ಪನ ಕಾಲದಲ್ಲಿ ಸೈಕಲ್ಲಿಗೂ ಪುರಸಭೆ ಕೊಟ್ಟ ಗುರುತಿನ ಬಿಲ್ಲೆ ಇರುತ್ತಿತ್ತು. ರಾತ್ರಿ ದೀಪ ಇಲ್ಲದೆ ಹೋದರೆ ಪೊಲೀಸರು ಚಕ್ರದ ಗಾಳಿ ಬಿಡುತ್ತಿದ್ದರಂತೆ. ಈಗ ಬಿಲ್ಲೆ ಇಲ್ಲ, ಆರ್‌ಸಿ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಖರ್ಚಿಲ್ಲ, ಅದು ಒಳ್ಳೆಯದೇ. ಆದರೆ ಸೈಕಲ್ಲಿಗೆ ಗುರುತು ಕೊಡುವ ಕೆಲಸ ಈಗ ಪೂರ್ತಿ ನಮ್ಮದು. ಅದಕ್ಕೇ ಬೀಗಕ್ಕಿಂತ ಮೊದಲು ಗುರುತಿನ ಮಾತು.

ಹಂತ 1: ನಿಮ್ಮ ಸೈಕಲ್ಲಿಗೆ ನೀವೇ ಬಿಲ್ಲೆ ಮಾಡಿ

ಇದಕ್ಕೆ ಅರ್ಧ ಗಂಟೆ ಸಾಕು. ಇವತ್ತೇ ಮಾಡಿ.

ಸೈಕಲ್ಲನ್ನು ತಲೆಕೆಳಗೆ ಮಾಡಿ ನಿಲ್ಲಿಸಿ. ಎರಡು ಪೆಡಲ್ ಸೇರುವ ಜಾಗದಲ್ಲಿ ಒಂದು ದಪ್ಪ ಕೊಳವೆ ಇದೆಯಲ್ಲ, ಹೆಚ್ಚಿನ ಸೈಕಲ್ಲುಗಳಲ್ಲಿ ಅದರ ಅಡಿಯಲ್ಲೇ ಫ್ರೇಮ್ ನಂಬರ್ ಒತ್ತಿರುತ್ತಾರೆ. ಕೆಲವದರಲ್ಲಿ ಸೀಟಿನ ಕೆಳಗಿನ ಕೊಳವೆಯ ಮೇಲೆ ಇರುತ್ತದೆ. ಕೆಸರು, ಗ್ರೀಸ್ ಒರೆಸಿ. ನಂಬರ್ ಮಸುಕಾಗಿದ್ದರೆ ಅದರ ಮೇಲೆ ಸೀಮೆಸುಣ್ಣ ಉಜ್ಜಿ, ಅಕ್ಷರ ಎದ್ದು ಕಾಣುತ್ತದೆ. ಫೋಟೋ ತೆಗೆಯಿರಿ. ಆಮೇಲೆ ಸೈಕಲ್ಲಿನ ಎರಡೂ ಬದಿಯ ಫೋಟೋ, ನೀವು ಸೈಕಲ್ ಜೊತೆ ನಿಂತ ಒಂದು ಫೋಟೋ, ಬಿಲ್ಲಿನ ಫೋಟೋ. ಎಲ್ಲವನ್ನೂ ನಿಮ್ಮ ಇಮೇಲ್‌ಗೆ ನೀವೇ ಕಳಿಸಿಕೊಳ್ಳಿ. ಮೊಬೈಲ್ ಕಳೆದರೂ ಅದು ಉಳಿಯುತ್ತದೆ.

ಇನ್ನೊಂದು ಕೆಲಸ ಇದೆ. ಸೀಟನ್ನು ಕೊಳವೆಯಿಂದ ಪೂರ್ತಿ ಹೊರಗೆ ಎಳೆಯಿರಿ. ನಿಮ್ಮ ಹೆಸರು, ಊರು, ಫ್ರೇಮ್ ನಂಬರ್ ಬರೆದ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ, ಸುರುಳಿ ಸುತ್ತಿ ಕೊಳವೆಯೊಳಗೆ ಇಳಿಸಿ ಸೀಟು ಹಾಕಿಬಿಡಿ. ಕಳ್ಳ ಬಣ್ಣ ಬಳಿಯಬಹುದು, ಸ್ಟಿಕ್ಕರ್ ಕೀಳಬಹುದು. ಒಳಗೆ ಚೀಟಿ ಇದೆ ಅನ್ನುವುದು ನಿಮಗೆ ಮಾತ್ರ ಗೊತ್ತು. ಯಾರಿಗೂ ಹೇಳಬೇಡಿ.

ಎಂಟನೇ ಕ್ಲಾಸಿನ ಸರ್ಕಾರಿ ಸೈಕಲ್ ಇರುವವರಿಗೆ ಇದು ಇನ್ನೂ ಮುಖ್ಯ. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಮನೆಗಳಿಗೆ ಸೈಕಲ್ ಬಂತು. ಅಕ್ಕ ಹೊಡೆದ ಸೈಕಲ್ಲನ್ನು ತಮ್ಮ ಕಾಲೇಜಿಗೆ ತರುತ್ತಾನೆ. ಆದರೆ ಅವೆಲ್ಲ ಒಂದೇ ಬಣ್ಣ, ಒಂದೇ ಆಕಾರ. ಹ್ಯಾಂಡಲ್ಲಿಗೆ ಎದ್ದು ಕಾಣುವ ಬಣ್ಣದ ಟೇಪ್ ಸುತ್ತಿ. ತಪ್ಪಿ ಬೇರೆಯವರು ಒಯ್ಯುವುದೂ ತಪ್ಪುತ್ತದೆ.

ಹಂತ 2: ಬೀಗ

ಹಿಂದಿನ ಚಕ್ರದ ರಿಂಗ್ ಲಾಕ್ ಸೈಕಲ್ಲನ್ನು ಓಡಿಸದ ಹಾಗೆ ಮಾಡುತ್ತದೆ. ಎತ್ತಿಕೊಂಡು ಹೋಗದ ಹಾಗೆ ಮಾಡುವುದಿಲ್ಲ. ಅಂಗಡಿಗೆ ಐದು ನಿಮಿಷ ಹೋಗಿ ಬರಲು ಅದು ಸಾಕು. ಒಂದು ಪೀರಿಯಡ್ ಕ್ಲಾಸಿಗೆ ಸಾಲದು.

ತೆಳ್ಳಗಿನ ಕೇಬಲ್ಲಿನ ನಂಬರ್ ಲಾಕ್‌ಗೆ ದುಡ್ಡು ಹಾಕಬೇಡಿ. ಅದರ ತಂತಿಯನ್ನು ಸಾಮಾನ್ಯ ಕಟಿಂಗ್ ಪ್ಲೇಯರಿನಲ್ಲೇ ಕತ್ತರಿಸಬಹುದು. ಕೊಳ್ಳುವುದಾದರೆ ಯು ಆಕಾರದ ಗಟ್ಟಿ ಲಾಕ್ ಒಳ್ಳೆಯದು. ಕಾರವಾರ, ಕುಮಟಾ, ಶಿರಸಿಯ ಎಲ್ಲ ಅಂಗಡಿಯಲ್ಲಿ ಅದು ಸಿಗದಿರಬಹುದು. ಆಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ ದಪ್ಪ ಕಬ್ಬಿಣದ ಚೈನ್ ಅಳತೆಗೆ ಕತ್ತರಿಸಿ ಕೊಡಲು ಹೇಳಿ. ಅವರು ಕತ್ತರಿಸುವಾಗ ಪಕ್ಕದಲ್ಲೇ ನಿಂತು ನೋಡಿ. ಕಟ್ಟರ್ ಒಂದೇ ಒತ್ತಿಗೆ ಕಚಕ್ ಅಂತ ಕತ್ತರಿಸಿತು ಅಂದರೆ ಕಳ್ಳನಿಗೂ ಅಷ್ಟೇ ಹೊತ್ತು ಸಾಕು. ಇನ್ನೂ ದಪ್ಪದ್ದು ಕೇಳಿ. 8 ಮಿಲಿಮೀಟರಿಗಿಂತ ಕಡಿಮೆ ಬೇಡ. ಚೈನಿಗೆ ಹಳೆಯ ಟ್ಯೂಬ್ ತೊಡಿಸಿ. ಸೈಕಲ್ಲಿನ ಬಣ್ಣ ತರಚುವುದಿಲ್ಲ, ಚೈನಿಗೆ ತುಕ್ಕು ಬೇಗ ಹಿಡಿಯುವುದಿಲ್ಲ. ಚೈನಿಗೆ ತಕ್ಕ ಬೀಗವೂ ಬೇಕು. ದಪ್ಪ ಚೈನಿಗೆ ಟ್ರಂಕಿನ ಬೀಗ ಹಾಕಿದರೆ ಏನೂ ಪ್ರಯೋಜನ ಇಲ್ಲ.

ಹಾಕುವ ರೀತಿಯಲ್ಲೇ ಜಾಸ್ತಿ ಜನ ತಪ್ಪುವುದು. ಚೈನು ಮೂರನ್ನು ಸುತ್ತಬೇಕು: ಫ್ರೇಮು, ಹಿಂದಿನ ಚಕ್ರ, ಮತ್ತು ನೆಲಕ್ಕೆ ಭದ್ರವಾಗಿ ಹೂತ ಕಂಬ ಅಥವಾ ಸರಳು. ಬರೀ ಮುಂದಿನ ಚಕ್ರಕ್ಕೆ ಕಟ್ಟಿದರೆ ಚಕ್ರ ಬಿಟ್ಟು ಉಳಿದದ್ದು ಹೋಗುತ್ತದೆ. ಗೇರ್ ಸೈಕಲ್ಲುಗಳಲ್ಲಿ ಸ್ಪ್ಯಾನರ್ ಇಲ್ಲದೆಯೇ, ಒಂದು ಸಣ್ಣ ಹಿಡಿ ತಿರುಗಿಸಿ ಚಕ್ರ ಬಿಚ್ಚಬಹುದು. ಅಂಥದ್ದಿದ್ದರೆ ಮುಂದಿನ ಚಕ್ರಕ್ಕೂ ಒಂದು ಬೇರೆ ಲಾಕ್ ಬೇಕು. ಕಂಬದ ತಲೆ ನೋಡಿ. ಗಿಡ್ಡ ಕಂಬವಾದರೆ ಸೈಕಲ್ಲನ್ನು ಚೈನ್ ಸಮೇತ ಮೇಲಿಂದ ಎತ್ತಿ ತೆಗೆಯಬಹುದು. ಎಳೆಯ ಗಿಡಕ್ಕೆ ಕಟ್ಟಬೇಡಿ, ಗಿಡವೂ ಹೋಗುತ್ತದೆ, ಸೈಕಲ್ಲೂ ಹೋಗುತ್ತದೆ. ಚೈನು ಸಡಿಲವಾಗಿ ನೆಲಕ್ಕೆ ತಾಗಬಾರದು. ನೆಲದ ಮೇಲೆ ಬಿದ್ದ ಬೀಗಕ್ಕೆ ಕಲ್ಲಿನ ಏಟು ಹಾಕುವುದು ಸುಲಭ.

ಕೀ ಹಾಕುವ ತೂತು ಯಾವಾಗಲೂ ಕೆಳಗೆ ಮುಖ ಮಾಡಿರಲಿ. ಮಳೆ ನೀರು ಒಳಗೆ ಹೋಗುವುದಿಲ್ಲ.

ಹಂತ 3: ಎಲ್ಲಿ ನಿಲ್ಲಿಸಬೇಕು

ಜನ ಓಡಾಡುವ ಕಡೆ, ಗಾರ್ಡ್ ಕಣ್ಣಿಗೆ ಬೀಳುವ ಕಡೆ. ಕಟ್ಟಡದ ಹಿಂದಿನ ನೆರಳು ತಂಪಾಗಿರುತ್ತದೆ, ನಿಜ. ಕಳ್ಳನಿಗೂ ಅದೇ ಇಷ್ಟ. ಕ್ಯಾಮೆರಾ ಇದೆ ಅಂತ ಸುಮ್ನೆ ನಂಬಬೇಡಿ, ಅದು ಸೈಕಲ್ ಸ್ಟ್ಯಾಂಡಿನ ಕಡೆ ತಿರುಗಿದೆಯಾ ಅಂತ ಒಮ್ಮೆ ಆಫೀಸಿನಲ್ಲಿ ಕೇಳಿ.

ಜಾಗ್ರತೆ ಜಾಸ್ತಿ ಬೇಕಾದ ದಿನಗಳು ಕೆಲವಿವೆ. ಚೌತಿ ರಜೆ, ಸೆಮಿಸ್ಟರ್ ರಜೆ, ಕಾಲೇಜಿನ ಗ್ಯಾದರಿಂಗ್, ಶಿರಸಿಯಲ್ಲಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ. ಊರಿಗೆ ಹೋಗುವ ಹಾಸ್ಟೆಲ್ ಮಕ್ಕಳು ಸೈಕಲ್ಲನ್ನು ಹೊರಗಿನ ಶೆಡ್ಡಿನಲ್ಲಿ ಬಿಡಬೇಡಿ. ವಾರ್ಡನ್ ಹತ್ತಿರ ಕೇಳಿ ಒಳಗಿನ ವರಾಂಡದಲ್ಲಿ ಇಡಿ. ವಾರಗಟ್ಟಲೆ ಅಲುಗಾಡದೆ ನಿಂತ ಸೈಕಲ್ಲಿಗೆ ಹೇಳುವವರು ಕೇಳುವವರು ಇಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಕುಮಟಾ, ಹೊನ್ನಾವರ, ಅಂಕೋಲಾದಲ್ಲಿ ರೈಲ್ವೆ ಸ್ಟೇಷನ್ ತನಕ ಸೈಕಲ್ ಹೊಡೆದು, ಅಲ್ಲಿ ಬಿಟ್ಟು ರೈಲು ಹತ್ತುವವರಿಗೂ ಇದೇ ಮಾತು. ಅಲ್ಲಿ ದಿನವಿಡೀ ನಿಲ್ಲುತ್ತದೆ, ಹಾಗಾಗಿ ಎರಡು ಬೀಗ ಹಾಕಿ.

ಮೆಟ್ಟಿಲ ಬಾಯಿಗೆ, ಗಾಲಿಕುರ್ಚಿಯ ಇಳಿಜಾರಿಗೆ ಅಡ್ಡ ನಿಲ್ಲಿಸಬೇಡಿ. ಅದು ಇನ್ನೊಬ್ಬರ ದಾರಿ.

ಹಂತ 4: ಉಪ್ಪು ಮತ್ತು ಮಳೆ

ಸೈಕಲ್ ಬಗ್ಗೆ ಬೇರೆ ಊರಿನವರು ಬರೆದದ್ದನ್ನು ಓದಿದರೆ ಈ ಭಾಗ ಸಿಗುವುದಿಲ್ಲ. ಆದರೆ ಕಾರವಾರದಿಂದ ಭಟ್ಕಳದ ತನಕ ಸೈಕಲ್ಲಿನ ದೊಡ್ಡ ವೈರಿ ಉಪ್ಪುಗಾಳಿ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಮಳೆ. ತುಕ್ಕು ಹಿಡಿದ ಬೀಗ ಒಂದು ದಿನ ನಿಮಗೇ ತೆರೆಯುವುದಿಲ್ಲ. ತುಕ್ಕು ತಿಂದ ಬ್ರೇಕ್ ತಂತಿ ಇಳಿಜಾರಿನಲ್ಲೇ ತುಂಡಾಗುತ್ತದೆ.

ಪೆಡಲಿನ ಚೈನಿಗೆ ಕೊಬ್ಬರಿ ಎಣ್ಣೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಬಿಡಿ. ಅದು ಅಂಟಾಗುತ್ತದೆ, ಮರಳು ಧೂಳು ಎಲ್ಲ ಹಿಡಿದುಕೊಂಡು ಹಲ್ಲು ಸವೆಸುತ್ತದೆ. ಹೊಲಿಗೆ ಮಷಿನ್ ಎಣ್ಣೆ ಇದಕ್ಕಿಂತ ಎಷ್ಟೋ ಮೇಲು. ಮಳೆಗಾಲದಲ್ಲಿ ಅದು ಬೇಗ ತೊಳೆದುಹೋಗುತ್ತದೆ, ವಾರಕ್ಕೊಮ್ಮೆ ಹಾಕಿ. ಚೈನನ್ನು ಮೊದಲು ಒಣ ಬಟ್ಟೆಯಲ್ಲಿ ಒರೆಸಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒಂದೊಂದೇ ಹನಿ ಬಿಟ್ಟು, ಉಳಿದದ್ದನ್ನು ಮತ್ತೆ ಒರೆಸಿಬಿಡಿ. ರಿಮ್ಮಿಗೂ ಬ್ರೇಕ್ ರಬ್ಬರಿಗೂ ಎಣ್ಣೆಯ ಕೈ ತಾಗಲೇಬಾರದು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮರಳಿನ ಮೇಲೆ ಸೈಕಲ್ ಮಲಗಿಸಿ ಆಡಲು ಹೋಗುವವರನ್ನು ನೋಡಿದ್ದೇನೆ. ಹಿಂದಿನ ಚಕ್ರದಲ್ಲಿ ಚೈನು ಕೂರುವ ಫ್ರೀವೀಲಿನೊಳಗೆ ಮರಳು ಹೊಕ್ಕರೆ ಅದರ ಆಯುಷ್ಯ ಮುಗಿದ ಹಾಗೆ. ಸಮುದ್ರದ ಕಡೆ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಾಕಿ. ಬೀಗದ ತೂತಿಗೆ ಮೃದು ಪೆನ್ಸಿಲ್ಲಿನ ಸೀಸದ ಪುಡಿ ಹಾಕಿ ಕೀ ನಾಲ್ಕು ಸಲ ತಿರುಗಿಸಿದರೆ ಸಲೀಸಾಗುತ್ತದೆ.

ಹಂತ 5: ರಸ್ತೆಯಲ್ಲಿ

ಮೊದಲು ಬ್ರೇಕಿನ ವಿಷಯ. ಸ್ಟೀಲ್ ರಿಮ್ಮಿನ ಸಾದಾ ಸೈಕಲ್ಲು ಮಳೆಯಲ್ಲಿ ಒಣ ದಿನದ ಹಾಗೆ ನಿಲ್ಲುವುದಿಲ್ಲ. ರಿಮ್ಮಿನ ಮೇಲೆ ನೀರು ಇರುವ ತನಕ ರಬ್ಬರು ಜಾರುತ್ತಲೇ ಇರುತ್ತದೆ. ಅದಕ್ಕೇ ಮುಂಚೆಯೇ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಚಕ್ರ ಹಲವು ಸುತ್ತು ತಿರುಗಿ ನೀರು ಒರೆಸಿಕೊಂಡ ಮೇಲೆ ಹಿಡಿತ ಬರುತ್ತದೆ. ಆಮೇಲೆ ಗಟ್ಟಿಯಾಗಿ ಒತ್ತಿ. ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ, ಮುಂದಿನದೊಂದನ್ನೇ ಜೋರಾಗಿ ಒತ್ತಬೇಡಿ.

ಹಾಗಾಗಿಯೇ ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ಹೊಡೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದೇ ಕೈ, ಒಂದೇ ಬ್ರೇಕು, ಮೇಲೆ ಗಾಳಿ. ರೇನ್‌ಕೋಟ್ ಹಾಕಿ. ಅದು ಹಳದಿಯೋ ಕಿತ್ತಳೆಯೋ ಆಗಿರಲಿ. ಕಪ್ಪು ರೇನ್‌ಕೋಟು ಜುಲೈ ಸಂಜೆಯಲ್ಲಿ ಯಾರಿಗೂ ಕಾಣುವುದಿಲ್ಲ.

ನಮ್ಮ ರಸ್ತೆಗಳಲ್ಲಿ ಜಾರುವ ಜಾಗಗಳೂ ಬೇರೆ. ಕರಾವಳಿಯಲ್ಲಿ ಮೀನಿನ ಗಾಡಿಯಿಂದ ಸೋರಿದ ನೀರು. ಘಟ್ಟದ ಮೇಲೆ ಮರದ ನೆರಳಿನ ಪಾಚಿ. ಕೆಂಪು ಮಣ್ಣು ಡಾಂಬರಿನ ಮೇಲೆ ಹರಿದು ಬಂದ ತಿರುವು. ಇಲ್ಲೆಲ್ಲ ತಿರುಗುವಾಗ ಬ್ರೇಕ್ ಬೇಡ, ತಿರುವಿಗೆ ಮೊದಲೇ ವೇಗ ಇಳಿಸಿ. ಶಿರಸಿಯಲ್ಲಿ ರಾತ್ರಿ ರಸ್ತೆ ಮೇಲೆ ಮಲಗುವ ದನಗಳನ್ನೂ ನೆನಪಿಡಿ.

ಕಾರವಾರದವರಿಗೆ ಕಾಳಿ ಸೇತುವೆ ಬಗ್ಗೆ ಒಂದು ಮಾತು. ಎಂಜಿನಿಯರಿಂಗ್ ಕಾಲೇಜು ಇರುವುದು ಮಾಜಾಳಿಯಲ್ಲಿ, ಕಾರವಾರದಿಂದ ಹೋಗುವವರು ನದಿ ದಾಟಲೇಬೇಕು. 2024ರ ಆಗಸ್ಟ್ 7ರಂದು ಹಳೆಯ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳ ಭಾರ ಹೊಸ ಸೇತುವೆಯ ಮೇಲೆ ಬಿತ್ತು. ಅಲ್ಲಿ ಸಮುದ್ರದ ಕಡೆಯಿಂದ ಅಡ್ಡಗಾಳಿ ಬೀಸುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಬಂದಾಗ ಗಾಳಿ ಒಮ್ಮೆ ನಿಂತು, ಲಾರಿ ದಾಟಿದ ಕೂಡಲೇ ಮತ್ತೆ ತಳ್ಳುತ್ತದೆ. ಹ್ಯಾಂಡಲ್ ಎರಡೂ ಕೈಯಲ್ಲಿ ಗಟ್ಟಿಯಾಗಿರಲಿ. ಸೇತುವೆಯ ಕಬ್ಬಿಣದ ಜೋಡಣೆಗಳನ್ನು ನೇರವಾಗಿ ದಾಟಿ, ಓರೆಯಾಗಿ ಅಲ್ಲ. ಬಿಣಗಾದ ಕಡೆಯ ಸುರಂಗದಲ್ಲಿ ಹೋಗುವುದಾದರೆ ಹಗಲಿನಲ್ಲೂ ಹಿಂದಿನ ಕೆಂಪು ದೀಪ ಹೊತ್ತಿರಲಿ. ಬಿಸಿಲಿನಿಂದ ಒಳಗೆ ಬಂದ ಚಾಲಕನ ಕಣ್ಣಿಗೆ ಮೊದಲ ಕೆಲವು ಕ್ಷಣ ಏನೂ ಕಾಣುವುದಿಲ್ಲ.

66ನೇ ರಾಷ್ಟ್ರೀಯ ಹೆದ್ದಾರಿ ನಾಲ್ಕು ಪಥವಾದ ಮೇಲೆ ಒಂದು ಕೆಟ್ಟ ಅಭ್ಯಾಸ ಶುರುವಾಗಿದೆ. ಡಿವೈಡರಿನ ತೆರವು ದೂರ ಅಂತ ರಾಂಗ್ ಸೈಡಿನಲ್ಲಿ ಸೈಕಲ್ ಹೊಡೆಯುವುದು. ಎದುರಿಂದ ಬರುವ ವಾಹನದ ವೇಗಕ್ಕೆ ನಿಮ್ಮ ವೇಗವೂ ಸೇರುತ್ತದೆ, ಇಬ್ಬರಿಗೂ ತಪ್ಪಿಸಿಕೊಳ್ಳಲು ಹೊತ್ತೇ ಇರುವುದಿಲ್ಲ. ಸರ್ವಿಸ್ ರಸ್ತೆ ಇದ್ದಲ್ಲಿ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಇಳಿದು, ಅಂಚಿನಲ್ಲಿ ತಳ್ಳಿಕೊಂಡು ಹೋಗಿ. ನಾಲ್ಕು ನಿಮಿಷ ತಡವಾಗಬಹುದು, ಆಗಲಿ.

ರಜೆಯಲ್ಲಿ ಗೆಳೆಯರು ಸೇರಿ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿಯುವ ಆಸೆ ನನಗೂ ಇತ್ತು. ಮಳೆಗಾಲದಲ್ಲಿ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ ಅಲ್ವಾ? ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ ಮಳೆಗೆ ಆಸರೆ ಅಂತ ನಿಲ್ಲುವುದೂ ಬೇಡ.

ಹೆಲ್ಮೆಟ್ ಬಗ್ಗೆ ಕೊನೆಗೆ ಹೇಳುತ್ತಿದ್ದೇನೆ, ಆದರೆ ಅದು ಚಿಕ್ಕ ವಿಷಯ ಅಲ್ಲ. ಸೈಕಲ್ ಹೆಲ್ಮೆಟ್ ಹಗುರ, ಗಾಳಿ ಆಡುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿರಬೇಕು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ.

ಹಂತ 6: ಕಾನೂನು ಏನು ಹೇಳುತ್ತದೆ

1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ ಮೋಟಾರು ವಾಹನ ಅಲ್ಲ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಡ. ಹೆಲ್ಮೆಟ್ ಕಡ್ಡಾಯ ಮಾಡುವ 129ನೇ ಸೆಕ್ಷನ್ ಕೂಡ ಬೈಕು, ಸ್ಕೂಟರಿನವರಿಗೆ.

ಹಾಗಂತ ಸೈಕಲ್ಲಿಗೆ ಕಾನೂನೇ ಇಲ್ಲ ಅಂತಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಯಾವುದೇ ವಾಹನವನ್ನು ಸಾರ್ವಜನಿಕ ದಾರಿಯಲ್ಲಿ ಅಪಾಯ ಆಗುವ ಹಾಗೆ ಓಡಿಸುವುದನ್ನು ಅಪರಾಧ ಅನ್ನುತ್ತದೆ. ಆರು ತಿಂಗಳ ತನಕ ಜೈಲು ಅಥವಾ 1,000 ರೂಪಾಯಿ ತನಕ ದಂಡ ಅಥವಾ ಎರಡೂ. ಇಲ್ಲಿ ಮೋಟಾರು ಅನ್ನುವ ಮಾತಿಲ್ಲ, ಸೈಕಲ್ಲೂ ಸೇರುತ್ತದೆ. ದಾರಿಗೆ ಅಡ್ಡಿಯಾಗಿ ನಿಲ್ಲಿಸಿದರೆ 285ನೇ ಸೆಕ್ಷನ್ ಪ್ರಕಾರ 5,000 ರೂಪಾಯಿ ತನಕ ದಂಡ ಆಗಬಹುದು. ಕಾಲೇಜಿನ ಗೇಟಿನೊಳಗೆ ಕಾಲೇಜು ತನ್ನದೇ ನಿಯಮ ಮಾಡಬಹುದು. ಪಾಸ್, ಸ್ಟಿಕ್ಕರ್ ಕೊಡುತ್ತಾರೆ ಅಂದರೆ ತಪ್ಪದೆ ತಗೊಳ್ಳಿ. ನಾಳೆ ಅದೇ ನಿಮಗೆ ಸಾಕ್ಷಿ.

ಹೊಸ ಸೈಕಲ್ಲಿಗೆ ರಿಫ್ಲೆಕ್ಟರ್ ಇರಲೇಬೇಕು: ಮುಂದೆ ಬಿಳಿ, ಹಿಂದೆ ಕೆಂಪು, ಪೆಡಲ್ಲಿಗೆ ಹಳದಿ. ಅಂದಕ್ಕೆ ಅಂತ ಕೀಳಬೇಡಿ.

ಬ್ಯಾಟರಿ ಸೈಕಲ್ ಕೊಳ್ಳುವವರು ಎರಡು ಅಂಕಿ ನೆನಪಿಡಿ: 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್. ಈ ಮಿತಿಗಿಂತ ಕೆಳಗಿದ್ದರೆ ಅದಕ್ಕೂ ನೋಂದಣಿ, ಲೈಸೆನ್ಸ್ ಬೇಡ. ಮೀರಿತು ಅಂದರೆ ಅದು ಮೋಟಾರು ವಾಹನ. ಕಾರವಾರದಲ್ಲಿ ಕೆಎ-30, ಶಿರಸಿಯಲ್ಲಿ ಕೆಎ-31, ಹೊನ್ನಾವರದಲ್ಲಿ ಕೆಎ-47 ನಂಬರ್ ಹಾಕಿಸಲೇಬೇಕು. ಅಂಗಡಿಯವರು ವೇಗ ಹೆಚ್ಚಿಸಿ ಕೊಡುತ್ತೇವೆ ಅಂದರೆ ಬೇಡ ಅನ್ನಿ.

ಹಳೆಯ ಸೈಕಲ್ ಕೊಳ್ಳುವಾಗ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಮಾರಿದವರ ಹೆಸರು, ವಿಳಾಸ, ಫ್ರೇಮ್ ನಂಬರ್, ಬೆಲೆ, ತಾರೀಖು ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಕಳುವಿನ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದು ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನ ಅಪರಾಧ, ಮೂರು ವರ್ಷ ತನಕ ಜೈಲು. ಫ್ರೇಮ್ ನಂಬರ್ ಉಜ್ಜಿ ಅಳಿಸಿದ್ದರೆ ಎಷ್ಟೇ ಕಡಿಮೆ ಬೆಲೆಯಾದರೂ ಮುಟ್ಟಬೇಡಿ.

ಹಂತ 7: ಅಪಘಾತ ಆದರೆ

ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಬಿದ್ದವರ ತಲೆ, ಕುತ್ತಿಗೆ ಎಳೆದಾಡಬೇಡಿ. ಗುದ್ದಿದ ವಾಹನದ ನಂಬರ್ ಬರೆದುಕೊಳ್ಳಿ, ಆಗದಿದ್ದರೆ ಬಣ್ಣ, ಹೋದ ದಿಕ್ಕು. ಸಹಾಯಕ್ಕೆ ಬಂದವರು ಕೇಸಿಗೆ ಹೆದರಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಅವರಿಗೆ ರಕ್ಷಣೆ ಕೊಡುತ್ತದೆ.

ಮೋಟಾರು ವಾಹನ ಗುದ್ದಿದ್ದರೆ ಸೈಕಲ್ ಸವಾರರಿಗೂ ಪರಿಹಾರದ ಹಕ್ಕಿದೆ. ನಮ್ಮ ಸೈಕಲ್ಲಿಗೆ ವಿಮೆ ಇಲ್ಲ, ಏನೂ ಸಿಗುವುದಿಲ್ಲ ಅಂತ ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ಅದು ತಪ್ಪು. ಗುದ್ದಿದ ವಾಹನದ ವಿಮೆಯಿಂದ ಪರಿಹಾರ ಕೇಳಬಹುದು. ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಗುದ್ದಿ ಓಡಿಹೋಗಿ ವಾಹನವೇ ಪತ್ತೆಯಾಗದಿದ್ದರೂ ಗಂಭೀರ ಗಾಯಕ್ಕೆ 50,000, ಸಾವಾದರೆ 2 ಲಕ್ಷ ರೂಪಾಯಿ ಪರಿಹಾರ ಇದೆ. 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಏಳು ದಿನದ ತನಕ, 1.5 ಲಕ್ಷ ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಈ ಬಗ್ಗೆ ಕೇಳಿ. ಇದೆಲ್ಲಕ್ಕೂ ಪೊಲೀಸ್ ದಾಖಲೆ ಬೇಕು. "ಇಲ್ಲೇ ಮುಗಿಸಿಕೊಳ್ಳೋಣ" ಅನ್ನುವ ಮಾತಿಗೆ ಒಪ್ಪಬೇಡಿ.

ಹಂತ 8: ಸೈಕಲ್ ಕಳುವಾದರೆ

ಮೊದಲು ಸುತ್ತಮುತ್ತ ನೋಡಿ, ಗಾರ್ಡಿಗೆ ಕೇಳಿ. ಯಾರೋ ಪಕ್ಕಕ್ಕೆ ಸರಿಸಿರಬಹುದು. ಸಿಗಲಿಲ್ಲವಾ, ಅವತ್ತೇ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ: ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ತನಕದ ಕ್ಯಾಮೆರಾ ದೃಶ್ಯ ಉಳಿಸಿಡಿ ಅಂತ. ಹಳೆಯ ದೃಶ್ಯ ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಆಮೇಲೆ ಠಾಣೆಗೆ ಹೋಗಿ. ದೂರು ಉದ್ದ ಇರಬೇಕಾಗಿಲ್ಲ:

"ಮಾನ್ಯ ಠಾಣಾಧಿಕಾರಿಗಳಿಗೆ, ನಾನು ಇಂಥ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿ. ಈ ತಾರೀಖು ಬೆಳಿಗ್ಗೆ 9.15ಕ್ಕೆ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಚೈನ್ ಹಾಕಿ ನಿಲ್ಲಿಸಿದ್ದ ನನ್ನ ಸೈಕಲ್ ಮಧ್ಯಾಹ್ನ 1.30ಕ್ಕೆ ನೋಡಿದಾಗ ಇರಲಿಲ್ಲ. ಕಂಪನಿ, ಬಣ್ಣ, ಫ್ರೇಮ್ ನಂಬರ್, ಗುರುತು ಹೀಗಿವೆ. ಬೆಲೆ ಸುಮಾರು ಇಷ್ಟು. ಬಿಲ್ ಮತ್ತು ಫೋಟೋ ಲಗತ್ತಿಸಿದ್ದೇನೆ. ಪ್ರಕರಣ ದಾಖಲಿಸಿ ಹುಡುಕಿಸಿಕೊಡಬೇಕಾಗಿ ವಿನಂತಿ."

ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಠಾಣೆಯ ಸೀಲು, ಸಹಿ ಹಾಕಿಸಿಕೊಳ್ಳಿ. ಸೈಕಲ್ ಕಳವೂ ಕಳವೇ: ನ್ಯಾಯ ಸಂಹಿತೆಯ 303ನೇ ಸೆಕ್ಷನ್, ಮೂರು ವರ್ಷ ತನಕ ಶಿಕ್ಷೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ದಾಖಲಾದರೆ ಅದರ ಪ್ರತಿ ನಿಮಗೆ ಉಚಿತವಾಗಿ ಕೊಡಬೇಕು. ಇಮೇಲಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದೂರು ತಗೊಳ್ಳಲಿಲ್ಲ ಅಂದರೆ ಅದನ್ನೇ ಕಾರವಾರದಲ್ಲಿರುವ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಿ. ಅದಕ್ಕೂ ಅದೇ ಸೆಕ್ಷನ್ನಿನಲ್ಲಿ ಅವಕಾಶ ಇದೆ.

ಊರಿನ ಸೈಕಲ್ ಶಾಪು, ಪಂಕ್ಚರ್ ಅಂಗಡಿ, ಗುಜರಿ ಅಂಗಡಿಗಳಿಗೆ ಫೋಟೋ ತೋರಿಸಿ ಬನ್ನಿ. ನಮ್ಮ ಸಣ್ಣ ಊರುಗಳಲ್ಲಿ ಇದು ತುಂಬ ಕೆಲಸ ಮಾಡುತ್ತದೆ. ಪಂಕ್ಚರ್ ಹಾಕುವವರು ಸವಾರನ ಮುಖ ಮರೆತರೂ ಸೈಕಲ್ ಮರೆಯುವುದಿಲ್ಲ. ಹಳೆಯ ವಸ್ತು ಮಾರುವ ಮೊಬೈಲ್ ಆ್ಯಪುಗಳನ್ನೂ ನೋಡುತ್ತಿರಿ. ಎಲ್ಲಾದರೂ ಕಂಡರೆ ಒಬ್ಬರೇ ಹೋಗಿ ಜಗಳ ಮಾಡಬೇಡಿ. ದೂರದಿಂದ ಫೋಟೋ ತೆಗೆದು ಠಾಣೆಗೆ ತಿಳಿಸಿ.

ಪೊಲೀಸರು ವಶಪಡಿಸಿಕೊಂಡ ಸೈಕಲ್ಲನ್ನು ಸಾಮಾನ್ಯವಾಗಿ ಕೋರ್ಟಿನ ಆದೇಶ ಪಡೆದು ಬಿಡಿಸಿಕೊಳ್ಳಬೇಕು. ಎಫ್‌ಐಆರ್ ಪ್ರತಿ, ಬಿಲ್, ಫ್ರೇಮ್ ನಂಬರಿನ ಫೋಟೋ, ನಿಮ್ಮ ಗುರುತಿನ ಚೀಟಿ ಒಯ್ಯಿರಿ. ಯಾರಾದರೂ "ಇದು ನನ್ನದು" ಅಂತ ವಾದ ಮಾಡಿದರೆ, ಪೊಲೀಸರ ಎದುರಿಗೇ ಸೀಟು ಎಳೆದು ಒಳಗಿನ ಚೀಟಿ ತೆಗೆಯಲು ಹೇಳಿ.